ರೊಟ್ಟಿ ಡಾಕ್ಟರು

ಈರಣ್ಣ ಡಾಕ್ಟರ ಮೇಜಿನ ಮೇಲೆ ಇಕ್ಕಳ, ಪುಟ್ಟ ಕನ್ನಡಿ, ಹತ್ತಿಯ ಉಂಡೆ, ಲವಂಗದೆಣ್ಣೆಯ ಶೀಸೆ ಸಾಲಾಗಿ ಇರುತ್ತಿದ್ದವು. ಅದೇ ಸಾಲಿನ ಕೊನೆಗೆ ಬಿಳಿ ಅರಿವೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿಯ ಗಂಟು. ಹಲ್ಲಿನ ಡಾಕ್ಟರ ಕಡೆ ಹೋದರೆ ಲೋಕದಲ್ಲೆಲ್ಲ ಮೊದಲು ಬಾಯಿ ತೆರೆಸುತ್ತಾರೆ. ಇವರು ಗಂಟು ಬಿಚ್ಚಿ, ಅಂಗೈಯಗಲದ ಒಂದು ತುಂಡು ಮುರಿದು ರೋಗಿಯ ಕೈಗಿಟ್ಟು, “ತಿನ್ರಿ, ನಾ ನೋಡ್ತೇನಿ” ಅನ್ನುತ್ತಿದ್ದರು. ಹಾಗೆಂದು ಮುಂದೆ ಕೂತು ನೋಡುತ್ತಿದ್ದರೇ? ಅದೂ ಇಲ್ಲ. ರೋಗಿಯ ಹಿಂದೆ ಹೋಗಿ ನಿಂತು, ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು, ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತ ನಿಂತುಬಿಡುತ್ತಿದ್ದರು. ಹಲ್ಲುನೋವೆಂದು ಬಂದರೆ ಈ ಪುಣ್ಯಾತ್ಮ ರೊಟ್ಟಿ ತಿನ್ನಿಸುತ್ತಾನಲ್ಲ ಎಂದು ಹೊಸಬರು ಬಾಗಿಲ ಕಡೆ ನೋಡುತ್ತಿದ್ದರು. ಆ ತುಂಡು ತಿಂದು ಮುಗಿಯುವುದರೊಳಗೆ ಯಾವ ಹಲ್ಲು, ಯಾವ ಮಗ್ಗುಲು, ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಅವರು ಹೇಳಿ ಮುಗಿಸಿರುತ್ತಿದ್ದರು.

ಇಳಕಲ್ಲಿನ ಮಂದಿ ಅವರಿಗೆ ರೊಟ್ಟಿ ಡಾಕ್ಟರು ಎಂದೇ ಹೆಸರಿಟ್ಟಿದ್ದರು. ಎಪ್ಪತ್ತರ ದಶಕದ ಮಾತು ಇದು. ಬಾಗಲಕೋಟೆಯಲ್ಲಿ ಅವರ ದವಾಖಾನೆ. ವಾರಕ್ಕೊಮ್ಮೆ, ಸಂತೆಯ ದಿನ, ಮುಂಜಾನೆಯ ಬಸ್ಸಿಗೆ ಇಳಕಲ್ಲಿಗೆ ಬಂದು ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂಡುತ್ತಿದ್ದರು. ಎತ್ತರದ ಆಳು, ಉದ್ದ ಕೈ, ಬೆರಳುಗಳೋ ಇನ್ನೂ ಉದ್ದ. ತಲೆಗೂದಲು ಬೇಗ ಬೆಳ್ಳಗಾಗಿತ್ತು. ಮಾತು ಕಡಿಮೆ. ಆಡಿದರೆ ನಮ್ಮ ಮಾತೇ, ಪೇಟೆಯ ಸೋಗಿಲ್ಲ. ರೊಟ್ಟಿ ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ಮಾತ್ರ ಮುಖ ಅರಳುತ್ತಿತ್ತು. “ನಮ್ಮನಿಯಾಕೀದು. ಇಷ್ಟ ತೆಳ್ಳಗ ಬಾಗಲಕ್ವಾಟ್ಯಾಗ ಯಾರೂ ಬಡ್ಯಂಗಿಲ್ಲ” ಎಂದು ಮತ್ತೊಂದು ತುಂಡು ಮುರಿದು ಕೊಡುತ್ತಿದ್ದರು.

ಮುಂಬಯಿಯಲ್ಲಿ ಓದಿ ಬಂದವರು ಈ ರೊಟ್ಟಿಯ ವಿದ್ಯೆ ಎಲ್ಲಿ ಕಲಿತರು? ನನಗೆ ಹೇಳಿದ್ದು ಅವರೇ. ಬಾದಾಮಿ ಕಡೆಯ ಕುರಿ ಸಾಕುವ ಮನೆತನ ಅವರದು, ಬೀರಪ್ಪನ ಒಕ್ಕಲು. ಅವರ ತಂದೆ ಹಟ್ಟಿಯ ಮುಂದೆ ಕೂತು ಕುರಿಗಳು ಮೆಲುಕು ಹಾಕುವುದನ್ನು ಸುಮ್ಮನೆ ನೋಡುತ್ತಿದ್ದರಂತೆ. ಯಾವ ಕುರಿ ಒಂದೇ ಮಗ್ಗುಲಿಗೆ ಮೆಲ್ಲುತ್ತದೆ, ಯಾವುದು ನಡುವೆ ನಿಲ್ಲಿಸುತ್ತದೆ ಎಂದು ನೋಡಿ, ಅದನ್ನು ಮಾತ್ರ ಹಿಡಿದು ತಂದು ಬಾಯಿ ಬಿಡಿಸುತ್ತಿದ್ದರಂತೆ. “ಕಾಲೇಜಿನ್ಯಾಗ ಹಲ್ಲ ಕಲಿಸಿದ್ರು. ತಿನ್ನೂದ ನೋಡೂದು ನಮ್ಮಪ್ಪ ಕಲಿಸಿದ” ಎಂದಿದ್ದರು ಡಾಕ್ಟರು. ಅದನ್ನು ಹೇಳುವಾಗ ಅವರಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯ ಮೆರೆದಾಟವೂ ಇರಲಿಲ್ಲ.

ಒಮ್ಮೆ ನಾನು ತವರಿಗೆ ಕಮತಗಿಗೆ ಹೊರಟಿದ್ದೆ. ಅದೇ ಬಸ್ಸಿನಲ್ಲಿ ಡಾಕ್ಟರು ಊರಿಗೆ ಮರಳುತ್ತಿದ್ದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಅವರು ಎದ್ದು ಡ್ರೈವರನ ಹತ್ತಿರ ಹೋಗಿ, ಎಡಗಿವಿ ನೋಯುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಆ ಮನುಷ್ಯ ಕಕ್ಕಾಬಿಕ್ಕಿಯಾದ. ತಿಂಗಳುಗಟ್ಟಲೆ ಕಿವಿಗೆ ಎಣ್ಣೆ ಬಿಟ್ಟುಕೊಂಡು ಸಾಕಾಗಿದೆ ಎಂದ. ಕಿವಿಯಲ್ಲಿ ಏನೂ ಇಲ್ಲ, ಗೇರು ಹಾಕಿದಾಗೊಮ್ಮೆ ನೀವು ಎಡಗಡೆ ಹಲ್ಲು ಗಚ್ಚನೆ ಕಚ್ಚುತ್ತೀರಿ, ನೋವು ಅಲ್ಲಿಯದು ಎಂದರು ಡಾಕ್ಟರು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಗಲ್ಲ ಕುಣಿಯುವುದನ್ನು ಇಳಕಲ್ಲಿನಿಂದ ನೋಡುತ್ತ ಬಂದಿದ್ದರಂತೆ! ನಾವೆಲ್ಲ ಅದೇ ಕನ್ನಡಿಯ ಮುಂದೆ ಕೂತಿದ್ದೆವು. ನನಗೆ ಕಂಡದ್ದು ಅದರ ಸುತ್ತ ಕಟ್ಟಿದ ಪ್ಲಾಸ್ಟಿಕ್ ಹೂವು ಮಾತ್ರ. ಉಳಿದ ದಾರಿಯುದ್ದಕ್ಕೂ ನಾನು ಬಾಯಿ ಮೇಲೆ ಸೆರಗಿಟ್ಟುಕೊಂಡೇ ಕೂತೆ.

ಆದರೆ ಅವರ ದೊಡ್ಡಸ್ತಿಕೆ ನನಗೆ ತಿಳಿದದ್ದು ನಮ್ಮ ಅತ್ತೆಯ ಬಾಯಿಯಿಂದ.

ನಮ್ಮ ಅತ್ತೆ ಗೌರವ್ವ ನೇಕಾರರ ಓಣಿಯಲ್ಲಿ ಎರಡಕ್ಕೆ ಹೆಸರಾದವರು, ಬಾಯಿಗೆ ಮತ್ತು ಕೈಗೆ. ಬಾಯಿಯ ಸುದ್ದಿ ಸೊಸೆಯಾದ ನಾನು ಹೇಳದಿರುವುದೇ ಒಳ್ಳೆಯದು. ಕೈಯ ಸುದ್ದಿ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ನೇಯ್ದು ಮುಗಿಯುತ್ತ ಬಂದಾಗ ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯೊಂದನ್ನು ಹೊಸೆದು ಜೋಡಿಸಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಅತ್ತೆ ಕೆಚ್ಚಿದ ಎಳೆ ಎಲ್ಲಿ ಕೂಡಿದೆ ಎಂದು ಹುಡುಕಲು ಆಗುತ್ತಿರಲಿಲ್ಲ. ಯಾರ ಮನೆಗೆ ಒಳ್ಳೆಯ ರೇಷ್ಮೆ ಹಾಸು ಬಂದರೂ ಕರೆ ಬರುತ್ತಿದ್ದದ್ದು ಅವರಿಗೇ. ಎಳೆಯ ತುದಿಯನ್ನು ಮುಂದಿನ ಹಲ್ಲಿನಲ್ಲಿ ಹಿಡಿಯುವುದು, ಬೆರಳಲ್ಲಿ ಹೊಸೆಯುವುದು, ಉಳಿದ ತುದಿಯನ್ನು ಹಲ್ಲಿನಿಂದಲೇ ಕತ್ತರಿಸಿ ಉಗುಳುವುದು. ಕಣ್ಣು ಮಿಟುಕಿಸುವುದರೊಳಗೆ ಮುಂದಿನ ಎಳೆ ಬಾಯಲ್ಲಿರುತ್ತಿತ್ತು.

ಆ ಹಲ್ಲುಗಳೇ ಕೈಕೊಡತೊಡಗಿದವು. ನಾನು ಮದುವೆಯಾಗಿ ಬಂದಾಗ ಅತ್ತೆಗೆ ಇನ್ನೂ ಐವತ್ತು ಆಗಿರಲಿಲ್ಲ. ಒಸಡು ಬಾತು ಕೆಂಪಾಗಿ, ಉಗುಳಿದರೆ ರಕ್ತ. ಸುಟ್ಟ ತಂಬಾಕಿನ ಪುಡಿ ಹಚ್ಚಿ ಹಚ್ಚಿ ತಿಕ್ಕುತ್ತಿದ್ದರು; ಅದನ್ನು ಹಚ್ಚಿದರೆ ಹಲ್ಲು ಗಟ್ಟಿಯಾಗುತ್ತವೆ ಎಂದು ಓಣಿಯ ಹೆಂಗಸರೆಲ್ಲರ ನಂಬಿಕೆ. ಮುಂದಿನ ಹಲ್ಲುಗಳು ನಾಲಿಗೆ ತಗುಲಿದರೂ ಅಳ್ಳಾಡುತ್ತಿದ್ದವು. ಅದರ ಮೇಲೆ ಮುಂಜಾನೆ ಏಳುವಾಗಲೇ ಎರಡೂ ಕಣ್ಣಿನ ಪಕ್ಕದ ಕಣತಲೆ ಸಿಡಿತ, ಕಿವಿಯ ಬುಡದಲ್ಲಿ ನೋವು. ಮನೆಯಲ್ಲಿ ಎಲ್ಲರೂ ಖಡಕ್ ರೊಟ್ಟಿ ಮುರಿಯುತ್ತ ಕೂತರೆ ಅತ್ತೆ ತಮ್ಮ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಅಷ್ಟು ಜೋರಿನ ಹೆಂಗಸು ಹಾಗೆ ಮುಖ ತಿರುಗಿಸಿ ಕೂಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಚಾಪೆ ಹಾಕಿಕೊಂಡು ಹಲ್ಲು ಕೀಳುವವನೊಬ್ಬ ಕೂಡುತ್ತಿದ್ದ. ಅವನು ನೋಡಿ, ಇವು ಉಳಿಯುವ ಹಲ್ಲುಗಳಲ್ಲ, ಎಲ್ಲ ತೆಗೆದು ಸೆಟ್ ಕೂಡಿಸಿಬಿಡೋಣ ಎಂದ. ನನ್ನ ಯಜಮಾನರಿಗೂ ಅದೇ ಸರಿ ಅನ್ನಿಸಿತು. ನೋವು ತಿನ್ನುವುದಕ್ಕಿಂತ ಒಮ್ಮೆಲೇ ಹೋಗಲಿ ಎಂದರು. ಅತ್ತೆ ಅಂದು ಜಗಳಾಡಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ತಲೆ ಎತ್ತದೆ ಒಂದೇ ಮಾತು ಆಡಿದರು.

“ಹಲ್ಲಿಲ್ಲದಾಕಿ ಕೈಯಾಗ ಯಾರ್ ತಮ್ಮ ಎಳಿ ಕೊಡ್ತಾರೋ?”

ಅವರಿಗೆ ಹಲ್ಲು ಹೋಗುವುದೆಂದರೆ ಕೆಲಸ ಹೋಗುವುದು, ಓಣಿಯಲ್ಲಿ ತಮ್ಮನ್ನು ಹುಡುಕಿಕೊಂಡು ಬರುವವರು ಇಲ್ಲವಾಗುವುದು. ಅದು ನನಗೆ ಆಗ ತಟ್ಟಿತು. ಬರುವ ಸಂತೆಗೆ ರೊಟ್ಟಿ ಡಾಕ್ಟರ ಕಡೆ ಹೋಗಿ ಬರೋಣ, ಆಮೇಲೆ ಕೀಳಿಸಿದರಾಯಿತು ಎಂದು ನಾನೇ ಅಡ್ಡ ಬಾಯಿ ಹಾಕಿದೆ.

ಡಾಕ್ಟರು ರೊಟ್ಟಿ ಕೊಟ್ಟರು. ಅತ್ತೆ ತುಂಡನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ಪರಗಂಡಸು ಹಿಂದೆ ನಿಂತು ಕಿವಿ ಮುಟ್ಟುತ್ತಾನೆಂದರೆ ಅವರ ಮೈಯೆಲ್ಲ ಬಿಗಿದು ಹೋಗಿತ್ತು. ಆ ಬೆರಳುಗಳು ತಗುಲಿದ ಮೇಲೆ ಯಾಕೋ ಸುಮ್ಮನಾದರು. ತುಂಡನ್ನು ಕಡೆಹಲ್ಲಿಗೆ ಸರಿಸಿ, ನೋವಿಗೆ ಕಣ್ಣು ಕಿರಿದು ಮಾಡಿಕೊಂಡು, ಹೇಗೋ ಮೆದ್ದರು. ಡಾಕ್ಟರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಬಾಯಿ ನೋಡಿದರು, ಒಸಡನ್ನು ಸುತ್ತಲೂ ಮೆಲ್ಲಗೆ ಒತ್ತಿ ನೋಡಿದರು.

“ನಿಮಗ ಎರಡು ಬ್ಯಾನಿ ಅದಾವ್ರಿ ಅವ್ವಾರ,” ಎಂದರು. “ಒಸಡೀದೊಂದು, ದವಡೀದೊಂದು. ಒಸಡಿ ಹಲ್ಲಿನ ಬುಡ ಸಡ್ಲ ಮಾಡೇತಿ. ದವಡಿ ಮ್ಯಾಲಿಂದ ಬಡ್ಯಾಕತ್ತೈತಿ. ಎರಡೂ ಕೂಡಿ ಹಲ್ಲು ಕೆಡಸಾಕತ್ತಾವ. ನಿದ್ದ್ಯಾಗ ಹಲ್ಲ ಕಡೀತೀರೇನು?”

ಅತ್ತೆಗೆ ಎಲ್ಲಿತ್ತೋ ಸಿಟ್ಟು! ನಾನೇನು ಸಣ್ಣ ಹುಡುಗಿಯೇ, ನನ್ನ ಹೊಟ್ಟೆಯಲ್ಲಿ ಜಂತು ಆಗಿವೆಯೇ ಎಂದು ಖುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಡಾಕ್ಟರು ನನ್ನ ಕಡೆ ನೋಡಿದರು. ಅತ್ತೆಯ ನಿದ್ದೆಯ ಸುದ್ದಿಯನ್ನು ಊರ ಮುಂದೆ ಹೇಳಿ ನಾನು ಯಾವ ಮನೆಯಲ್ಲಿ ಬಾಳಲಿ? ಒಳಗಿನ ಕೋಣೆಯಿಂದ ಬರಿಯ ಬೀಸುಕಲ್ಲು ತಿರುವಿದ ಹಾಗೆ ಬರುವ ಸಪ್ಪಳ ಮದುವೆಯಾದ ಹೊಸದರಲ್ಲಿ ನನ್ನನ್ನು ಹೆದರಿಸಿತ್ತು. ನಾನು ನೆಲ ನೋಡುತ್ತ ತಲೆಯನ್ನು ಒಂದಿಷ್ಟು, ಒಂದೇ ಒಂದಿಷ್ಟು ಬಗ್ಗಿಸಿದೆ. ಡಾಕ್ಟರಿಗೆ ಅಷ್ಟು ಸಾಕಾಯಿತು. ಮತ್ತೆ ಆ ಮಾತು ತೆಗೆಯಲಿಲ್ಲ. ಮೊದಲು ಒಸಡು ನೋಡೋಣ, ಹಲ್ಲು ಮಾತ್ರ ಯಾರ ಕೈಯಿಂದಲೂ ಕೀಳಿಸಬೇಡಿ ಎಂದರು.

ಮುಂದಿನ ಕೆಲವು ಸಂತೆಗಳ ತನಕ ಅತ್ತೆಯ ಹಲ್ಲಿನ ಬುಡಕ್ಕೆ ಕಟ್ಟಿದ್ದ ಕಿಟ್ಟವನ್ನು ಸಣ್ಣ ಕೊಕ್ಕೆಗಳಿಂದ ಕೆರೆದು ತೆಗೆದರು. ಕೊನೆಗೆ ಕಾಲಿನಿಂದ ತುಳಿದು ತಿರುಗಿಸುವ ಮಶಿನ್ನಿನಿಂದ ಹಲ್ಲು ಉಜ್ಜಿದರು. ಅದನ್ನು ನೋಡಿ ಅತ್ತೆಗೆ ಅವರ ಮೇಲೆ ಮೊದಲ ಸಲ ವಿಶ್ವಾಸ ಹುಟ್ಟಿತು. ಮನೆಗೆ ಬಂದು, ಅವರೂ ಮಗ್ಗ ತುಳಿಯುವ ನಮ್ಮ ಹಾಗೆ ತುಳಿದು ಉಣ್ಣುವವರೇ ನೋಡು ಎಂದರು. ತಂಬಾಕಿನ ಪುಡಿ ಬಿಟ್ಟರು. ಉಪ್ಪುನೀರಿನಿಂದ ಮುಕ್ಕಳಿಸತೊಡಗಿದರು. ರಕ್ತ ನಿಂತಿತು. ನಾನು ಗೆದ್ದೆ ಅಂದುಕೊಂಡೆ.

ಎಲ್ಲಿಯ ಗೆಲುವು? ಬಾವು ಇಳಿದ ಹಾಗೆ ಹಲ್ಲುಗಳ ನಡುವೆ ಸಂದಿಗಳು ಕಂಡವು. ಮುಂದಿನ ಹಲ್ಲು ಮೊದಲಿಗಿಂತ ಹೆಚ್ಚು ಅಳ್ಳಾಡಿದ ಹಾಗೆ ಅತ್ತೆಗೆ ಅನ್ನಿಸಿತು. ಕಣತಲೆಯ ಸಿಡಿತವಂತೂ ಇಮ್ಮಡಿಯಾಯಿತು. ಬಂದವರೆಲ್ಲ ಅತ್ತೆಯ ತುಟಿ ಸರಿಸಿ ನೋಡಿ, ಅಯ್ಯ, ಈ ಡಾಕ್ಟರು ಇದ್ದ ಬುಡವನ್ನೇ ಕೆರೆದು ತೆಗೆದಿದ್ದಾನೆ ಎಂದು ಲೊಚಗುಟ್ಟಿ ಹೋದರು. ಒಂದು ಮುಂಜಾನೆ ಅತ್ತೆಗೆ ಬಾಯಿ ತೆರೆಯಲು ಬರಲಿಲ್ಲ. ಒಂದು ಬೆರಳು ತೂರುವಷ್ಟು ತೆರೆಯುವುದು, ಅಷ್ಟಕ್ಕೇ ಕಣ್ಣೀರು. ಗಂಜಿ ಕುಡಿಸಿದೆ. ಕೈಸನ್ನೆಯಿಂದಲೇ ಅತ್ತೆ ತೀರ್ಮಾನ ಹೇಳಿದರು: ಚಾಪೆಯವನನ್ನು ಕರೆಸು, ಎಲ್ಲ ಕಿತ್ತುಬಿಡಲಿ.

ಅಂದು ಸಂತೆ. ನಾನು ಸೀದಾ ಡಾಕ್ಟರ ಖೋಲಿಗೆ ನುಗ್ಗಿದೆ. ಖೋಲಿಯ ತುಂಬ ಮಂದಿ ಇದ್ದರು. ನನಗೆ ಯಾರ ಪರಿವೆಯೂ ಇರಲಿಲ್ಲ.

“ನಮ್ಮತ್ತಿ ಬಾಯಿ ತೆರೀವಲ್ದು,” ಎಂದೆ. “ಇದ್ದ ಹಲ್ಲೂ ಅಳ್ಳಾಡೂ ಹಂಗ ಮಾಡೀರಿ. ಇನ್ನ ಕಿತ್ತ ಹಾಕೂದೊಂದ ಉಳದೈತಿ.”

ಅವರು ನನ್ನನ್ನು ಗದರಿಸಲಿಲ್ಲ, ಸಮಾಧಾನದ ಮಾತನ್ನೂ ಹೇಳಲಿಲ್ಲ. ಕೈ ತೊಳೆದುಕೊಂಡರು. ಕೂತಿದ್ದವರಿಗೆಲ್ಲ ಕೈಮುಗಿದು, ಬರುವ ವಾರ ಬನ್ನಿ ಎಂದರು. ಖೋಲಿಗೆ ಕೀಲಿ ಹಾಕಿ, ನಡೆಯಿರಿ ಎಂದು ನನ್ನ ಮುಂದೆಯೇ ಮೆಟ್ಟಿಲು ಇಳಿದರು. ಚೀಲದಲ್ಲಿ ಒಂದು ಇಕ್ಕಳವನ್ನೂ ತೆಗೆದುಕೊಂಡಿರಲಿಲ್ಲ.

ಮನೆಗೆ ಬಂದವರು ಅತ್ತೆಯ ಬಾಯಿ ನೋಡಲೇ ಇಲ್ಲ. ನೀವು ದಿನಾ ಮಾಡುವ ಕೆಲಸ ಮಾಡಿ, ನಾನು ಇಲ್ಲಿ ಕೂಡುತ್ತೇನೆ ಎಂದು ಮಗ್ಗದ ಪಕ್ಕದ ಕಂಬಕ್ಕೆ ಒರಗಿ ನೆಲದ ಮೇಲೆ ಕೂತರು. ಅತ್ತೆ ಮೊದಲು ಮುಖ ಗಂಟಿಕ್ಕಿದರು. ಆದರೆ ಆ ಹೊತ್ತಿಗೆ ಮಗ್ಗದ ಮೇಲೆ ಗುಳೇದಗುಡ್ಡದ ಬಂಧುಗಳ ಮನೆಯವರು ಕೊಟ್ಟಿದ್ದ ಹಾಸು ಅರ್ಧ ಕೆಚ್ಚಿ ಬಿದ್ದಿತ್ತು, ಕೈ ತಡೆಯಲಿಲ್ಲ. ಒಂದು ಎಳೆ ಎತ್ತಿಕೊಂಡರು, ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರು ಇದ್ದಾರೆಂಬುದನ್ನೇ ಮರೆತರು. ಮಧ್ಯಾಹ್ನ ಸರಿಯಿತು. ಉಂಡು ಏಳಿ ಎಂದು ನಾನು ಅಂದರೆ ಡಾಕ್ಟರು ಕೈಯಾಡಿಸಿದರು. ಅವರ ಕಣ್ಣು ಅತ್ತೆಯ ಗಲ್ಲದ ಮೇಲಿಂದ ಸರಿಯಲಿಲ್ಲ. ಅಷ್ಟು ಏಕಚಿತ್ತದಿಂದ ಒಬ್ಬರು ಇನ್ನೊಬ್ಬರ ನೋವನ್ನು ನೋಡುತ್ತ ಕೂತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನ್ನ ಸಿಟ್ಟು ಎಲ್ಲಿ ಇಳಿದು ಹೋಯಿತೋ.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಡಾಕ್ಟರು ಬಾಯಿ ಬಿಟ್ಟರು. ಎಳೆಯನ್ನು ಮುಂದಿನ ಹಲ್ಲಲ್ಲಿ ಹಿಡಿಯುತ್ತೀರಿ, ಅದು ತಿಳಿಯಿತು, ಆದರೆ ಎಳೆ ಬಿಟ್ಟ ಮೇಲೆ, ಬಾಯಲ್ಲಿ ಏನೂ ಇಲ್ಲದಾಗ, ಕಡೆಹಲ್ಲುಗಳನ್ನು ಗಟ್ಟಿಯಾಗಿ ಕಚ್ಚಿಕೊಂಡೇ ಇರುತ್ತೀರಲ್ಲ, ಅದು ಯಾಕೆ ಎಂದು ಕೇಳಿದರು.

ಅತ್ತೆ ಅವರನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. ಬಿಗಿದ ದವಡೆಯಿಂದ ಮಾತು ಹಿಂಡಿ ತೆಗೆದರು.

“ಹಲ್ಲ ಸಡ್ಲ ಆಗ್ಯಾವಲ್ರಿ. ಬೀಳಬಾರದಂತ ಬಿಗಿ ಹಿಡದೇನಿ. ಎಳಿ ಸಡ್ಲಾದ್ರ ಬಿಗಿ ಮಾಡೂದಿಲ್ಲೇನು?”

ಅದೇ ಆಗಿತ್ತು! ಹಾಸಿನ ಎಳೆ ಸಡಿಲಾದರೆ ಬಿಗಿ ಮಾಡಬೇಕು ಎಂಬುದನ್ನು ಹುಟ್ಟಿದಾಗಿನಿಂದ ಕಲಿತ ಹೆಂಗಸು, ಕಿಟ್ಟ ತೆಗೆಸಿದ ದಿನದಿಂದ ತಮ್ಮ ಹಲ್ಲುಗಳನ್ನೂ ಹಾಗೆಯೇ ಬಿಗಿಹಿಡಿದು ಕೂತಿದ್ದರು. ನಿದ್ದೆಯಲ್ಲಿ ಕಡಿಯುವುದು ಸಾಲದೆಂದು ಎಚ್ಚರದಲ್ಲೂ ಹಿಡಿದದ್ದು. ಉಣ್ಣುವಾಗ ಒಂದಿಷ್ಟು ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಲ್ಲ. ಇನ್ನು ದವಡೆ ಹಿಡಿದುಕೊಳ್ಳದೆ ಏನು ಮಾಡೀತು?

ಡಾಕ್ಟರು ನಗಲಿಲ್ಲ. ಅವರ ಮುಖ ಇಳಿದು ಹೋಯಿತು. ಎದ್ದು ಬಂದು ಕುಣಿಯ ಅಂಚಿಗೆ, ಅತ್ತೆಯ ಎದುರಿಗೆ ಕೂತರು.

“ಕಿಟ್ಟ ತಗದ ಮ್ಯಾಲ ಹಲ್ಲ ಒಂದಷ್ಟು ದಿನ ಅಳ್ಳಾಡಿದಂಗ ಅನಸ್ತೈತಿ,” ಎಂದರು. “ಬಾವು ಇಳದು ಸಂದಿ ಕಾಣ್ತಾವ. ಆಮ್ಯಾಲ ಒಸಡಿ ತಾನ ಬಂದು ಬುಡ ಹಿಡೀತೈತಿ. ಇದನ್ನ ನಾ ಮೊದಲ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು ಅವ್ವಾರ.”

ಮುಂಬಯಿಯಲ್ಲಿ ಓದಿದ ಡಾಕ್ಟರು ನಮ್ಮ ಮಗ್ಗದ ಕುಣಿಯ ಅಂಚಿಗೆ ಕೂತು ತಪ್ಪು ನನ್ನದು ಅನ್ನುತ್ತಿದ್ದಾರೆ. ಅತ್ತೆ ಸೆರಗು ಸರಿ ಮಾಡಿಕೊಂಡರು. ಡಾಕ್ಟರು ಮಗ್ಗದ ಪಕ್ಕದ ಗೂಟವನ್ನು ತೋರಿಸಿದರು. ಹಾಸನ್ನು ಎಳೆದು ಕಟ್ಟುವ ಹಗ್ಗ ಅಲ್ಲಿಗೆ ಬರುತ್ತದೆ. ಸಂಜೆ ಕೆಲಸ ಬಿಟ್ಟು ಏಳುವಾಗ ಈ ಹಗ್ಗವನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಸಡಿಲ ಬಿಡುತ್ತೇವೆ, ರಾತ್ರಿಯೆಲ್ಲ ಬಿಗಿ ಇದ್ದರೆ ಎಳೆ ಹರಿಯುತ್ತವಲ್ಲ ಎಂದರು ಅತ್ತೆ.

“ಹಂಗಾದ್ರ ದವಡೀನೂ ಅಷ್ಟ ಸಡ್ಲ ಬಿಡ್ರಿ. ತುಟಿಗೆ ತುಟಿ ಕೂಡಲಿ, ಹಲ್ಲಿಗೆ ಹಲ್ಲು ಕೂಡೂದ ಬ್ಯಾಡ.”

ಅತ್ತೆ ಅವರನ್ನೇ ನೋಡುತ್ತ ಕೂತರು. ಒಂದು ಗಳಿಗೆ ಕಳೆದ ಮೇಲೆ ಅವರ ಗಲ್ಲದ ಗಂಟು ಮೆಲ್ಲಗೆ ಇಳಿಯುವುದನ್ನು ನಾನು ನನ್ನ ಕಣ್ಣಿನಿಂದ ನೋಡಿದೆ. ತುಟಿ ಮುಚ್ಚೇ ಇತ್ತು. ಮುಖ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋದ ಹಾಗೆ ಆಯಿತು. ಬಿಸಿನೀರಿನಲ್ಲಿ ಅದ್ದಿದ ಅರಿವೆ ತರಿಸಿ ಕಿವಿಯ ಬುಡಕ್ಕೆ ಶಾಖ ಕೊಡಿಸಿದರು. ನೂಲು ಸುತ್ತಿದ ನಮ್ಮದೇ ಕಂಡಿಕೆಯಿಂದ ಒಂದು ತುಂಡು ಕೆಂಪು ಎಳೆ ಕೇಳಿ ತೆಗೆದುಕೊಂಡು ಮಗ್ಗದ ಅಡ್ಡಗೋಲಿಗೆ, ಅತ್ತೆಯ ಕಣ್ಣಿನ ನೇರಕ್ಕೆ ಕಟ್ಟಿದರು. ಇದು ಕಂಡಾಗೊಮ್ಮೆ ಹಲ್ಲು ಕೂಡಿವೆಯೇ ನೋಡಿಕೊಳ್ಳಿ, ಕೂಡಿದ್ದರೆ ಬಿಡಿ ಎಂದರು. ಎಳೆಯನ್ನು ಹಲ್ಲಿನ ಬದಲು ತುಟಿಯಲ್ಲಿ ಹಿಡಿಯುವುದನ್ನು ಕಲಿಯಿರಿ, ತುದಿ ಕತ್ತರಿಸಲು ಕತ್ತರಿ ಇಟ್ಟುಕೊಳ್ಳಿ ಎಂದೂ ಹೇಳಿದರು. ನಿದ್ದೆಯಲ್ಲಿ ಹಾಕಿಕೊಳ್ಳಲು ಹಲ್ಲಿನ ಅಚ್ಚು ತೆಗೆದು ಒಂದು ತಿಳಿ ಕವಚ ಮಾಡಿ ತಂದುಕೊಟ್ಟದ್ದು ಆಮೇಲಿನ ವಾರಗಳಲ್ಲಿ.

ಸುಲಭಕ್ಕೆ ಬರಲಿಲ್ಲ ಅದು. ತುಟಿಯಲ್ಲಿ ಹಿಡಿದ ಎಳೆ ಜಾರಿದಾಗೆಲ್ಲ ಅತ್ತೆ ಡಾಕ್ಟರ ವಂಶವನ್ನೇ ಜಾಲಾಡುತ್ತಿದ್ದರು. ಕವಚ ಹಾಕಿಕೊಂಡ ಮೊದಲ ದಿನಗಳಲ್ಲಿ ಅದನ್ನು ಕಿತ್ತು ಒಗೆದು, ಮುಂಜಾನೆ ಹಾಸಿಗೆಯ ಕೆಳಗೆ ನಾನು ಹುಡುಕಬೇಕಾಗುತ್ತಿತ್ತು. ಒಂದು ಹಲ್ಲು, ತೀರ ಸಡಿಲಾಗಿದ್ದು, ಉಳಿಯಲಿಲ್ಲ. ಅದಕ್ಕೆ ಡಾಕ್ಟರು ಮೊದಲೇ ಹೇಳಿದ್ದರು. ಉಳಿದವು ನಿಂತವು. ತಿಂಗಳು ತಿಂಗಳಿಗೂ ಡಾಕ್ಟರು ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡಿ ಹೂಂಗುಡುತ್ತಿದ್ದರು. ಸತ್ತೇ ಹೋದವು ಎಂದು ಊರೆಲ್ಲ ಹೇಳಿದ ಹಲ್ಲುಗಳನ್ನು ಒಸಡು ಸುತ್ತಲಿಂದ ತಬ್ಬಿ ಹಿಡಿಯಿತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ದೇವರು ಮೈಯೊಳಗೆ ಇಂಥದೊಂದು ಇಟ್ಟಿದ್ದಾನೆ ಎಂಬುದು ಒಂದು ಸೋಜಿಗ. ಅದು ಆಗುತ್ತದೆ ಎಂದು ನಂಬಿ ಕಾಯುವ ತಾಳ್ಮೆ ಆ ಮನುಷ್ಯನಲ್ಲಿತ್ತು ಎಂಬುದು ಅದಕ್ಕಿಂತ ದೊಡ್ಡ ಸೋಜಿಗ.

ಮತ್ತೊಂದು ಸಂತೆಯ ದಿನ ಡಾಕ್ಟರು ಗಂಟು ಬಿಚ್ಚಿ ಮತ್ತೆ ರೊಟ್ಟಿ ಕೊಟ್ಟರು. ಅತ್ತೆ ತುಂಡನ್ನು ಬಾಯಿಗಿಟ್ಟು ಕಡಿದರು. ಕಟಕ್ ಎಂದಿತು. 

ಖೋಲಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಎಡಕ್ಕೂ ಬಲಕ್ಕೂ ಹಾಕಿ ನಿಧಾನಕ್ಕೆ ಅಗಿದರು, ನುಂಗಿದರು, ಇನ್ನೊಂದು ತುಂಡಿಗೆ ತಾವೇ ಕೈ ಚಾಚಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಡಾಕ್ಟರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಮನೆಗೆ ಬಂದ ಮೇಲೆ ಅತ್ತೆ ಗೋಡೆಗೆ ಮುಖ ಮಾಡದೆ ನಡುಮನೆಯಲ್ಲಿ ಕೂತು ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಉಂಡರು. ಬಿಗಿ ಹಿಡಿದ ದವಡೆ ಬಿಟ್ಟುಕೊಂಡದ್ದರಿಂದ ಅವರ ಬೈಗುಳವೂ ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು ಎಂಬುದು ಮಾತ್ರ ನನ್ನ ಪಾಲಿನ ನಷ್ಟ.

ವರ್ಷಗಳು ಹೋದವು. ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ ಡಾಕ್ಟರು ಕೆಲವು ವಾರ ಇಳಕಲ್ಲಿಗೆ ಬರಲಿಲ್ಲ. ಬಂದ ದಿನ ಅತ್ತೆ ಒಸಡು ತೋರಿಸಲು ಹೋದರೆ ಮೇಜಿನ ಮೇಲೆ ಗಂಟು ಇರಲಿಲ್ಲ. “ಬಾಯಿ ತೆರೀರಿ” ಎಂದರು, ಎಲ್ಲ ಡಾಕ್ಟರ ಹಾಗೆ. ಅತ್ತೆ ಬಾಯಿ ತೆರೆದರು, ತೋರಿಸಿಕೊಂಡರು, ಕೆಳಗೆ ಬಂದರು. ಅಂಗಡಿಯವರು ಹೇಳಿದರು: ಅವರ ಹೆಂಡತಿ ತೀರಿಕೊಂಡಿದ್ದರು.

ಮರುದಿನ ಅತ್ತೆ ನಸುಕಿನಲ್ಲಿ ಎದ್ದು ತಾವೇ ಹಿಟ್ಟು ನಾದಿದರು. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ಆನಿಸಿಟ್ಟು ಖಡಕ್ ಮಾಡಿದರು. ಬಿಳಿ ಅರಿವೆಯಲ್ಲಿ ಕಟ್ಟಿದರು. ಸಾವಿನ ಮನೆಗೆ ಬುತ್ತಿ ಒಯ್ಯುವುದು ನಮ್ಮಲ್ಲಿ ಇದ್ದದ್ದೇ, ಆದರೆ ಅವರೇನು ನಮ್ಮ ಬೀಗರೇ ಬಂಧುಗಳೇ ಎಂದು ನನ್ನ ಯಜಮಾನರು ಅಂದರು. ಅತ್ತೆ ನೋಡಿದ ನೋಟಕ್ಕೆ ಅವರೂ ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ಬಂದರು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅವರ ಮನೆ. ಡಾಕ್ಟರು ಪಡಸಾಲೆಯಲ್ಲಿ ಖುರ್ಚಿಯ ಮೇಲೆ ಕೂತಿದ್ದರು. ಬನ್ನಿ ಎಂದರು, ನೀರು ತರಿಸಿದರು, ಮಳೆ ಬೆಳೆ ಕೇಳಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಮಾತು ನಿಂತಾಗೊಮ್ಮೆ ಅವರ ಗಲ್ಲದಲ್ಲಿ ಒಂದು ಗಂಟು ಎದ್ದು, ಇಳಿದು, ಮತ್ತೆ ಏಳುತ್ತಿತ್ತು. ಬಸ್ಸಿನ ಕನ್ನಡಿಯಲ್ಲಿ ನನಗೆ ಕಾಣದೆ ಹೋದದ್ದು ಈಗ ಕಂಡಿತು. ನನಗಿಂತ ಮೊದಲೇ ಅತ್ತೆ ಕಂಡಿದ್ದರು. ಗಂಟು ಬಿಚ್ಚಿ, ಅಂಗೈಯಗಲದ ತುಂಡು ಮುರಿದು ಅವರ ಕೈಗಿಟ್ಟರು.

“ತಿನ್ರಿ,” ಎಂದರು. “ನಾ ನೋಡ್ತೇನಿ.”

ಡಾಕ್ಟರು ತುಂಡನ್ನು ಹಿಡಿದು ಕೂತೇ ಇದ್ದರು. ಅತ್ತೆ ಕಾದರು. ಅಂದು ಅವರು ನಮ್ಮ ಮಗ್ಗದ ಪಕ್ಕದಲ್ಲಿ ಕಾದ ಹಾಗೆಯೇ ಕಾದರು. ಕೊನೆಗೆ ಡಾಕ್ಟರು ಅದನ್ನು ಬಾಯಿಗೆ ಇಟ್ಟುಕೊಂಡರು. ಅಗಿದರು. ಎರಡು ಸಲ ಅಗಿದು ನಿಲ್ಲಿಸಿದರು.

“ಹಗ್ಗ ಸಡ್ಲ ಬಿಡ್ರಿ ಡಾಕ್ಟರ್ರ,” ಎಂದರು ಅತ್ತೆ. “ಬಿಗಿ ಹಿಡದ್ರ ಏನೂ ಉಳಿಯೂದಿಲ್ಲಂತ ನೀವ ಹೇಳಿದ್ರಿ.”

ಆ ಎತ್ತರದ ಮನುಷ್ಯ ಮಗುವಿನ ಹಾಗೆ ಅತ್ತರು. ಬಾಯಲ್ಲಿ ರೊಟ್ಟಿ ಇದ್ದ ಹಾಗೆಯೇ ಅತ್ತರು. ಅವರನ್ನು ಯಾರೂ ಸುಮ್ಮನಿರಿಸಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, ಒಂದಿಡೀ ರೊಟ್ಟಿಯನ್ನು ಎರಡೂ ಮಗ್ಗುಲಿಗೆ ಹಾಕಿ ಅಗಿದು ತಿಂದರು. ಹೆಂಡತಿ ಹೋದ ಮೇಲೆ ಖಡಕ್ ರೊಟ್ಟಿ ಮುಟ್ಟಿರಲಿಲ್ಲವಂತೆ.

ಆ ಮೇಲಿಂದ ಅವರ ಮೇಜಿನ ಮೇಲಿನ ಗಂಟು ನಮ್ಮ ಮನೆಯದು. ಸಂತೆಯ ಮುಂಜಾನೆ ಅತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದರು. ಡಾಕ್ಟರು ಇಳಿದವರು ಗಂಟು ಇಸಿದುಕೊಂಡು, ಅರಿವೆಯ ಮೇಲಿಂದಲೇ ಬೆರಳು ಬಡಿದು ಸಪ್ಪಳ ಕೇಳಿ, ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ನಡೆದದ್ದನ್ನು ನಾನು ಕೇಳಿಲ್ಲ.

ಒಂದು ಸಂತೆಗೆ ಅವರು ಬಸ್ಸಿನಿಂದ ಇಳಿಯಲಿಲ್ಲ. ಮುಂದಿನ ಬಸ್ಸಿಗೂ ಇಳಿಯಲಿಲ್ಲ. ಅತ್ತೆ ಬಿಸಿಲು ಏರುವ ತನಕ ನಿಂತಿದ್ದು ಗಂಟಿನ ಸಮೇತ ಮನೆಗೆ ಬಂದರು. ಸಂಜೆ ಬಾಗಲಕೋಟೆಯಿಂದ ಬಂದವರು ಸುದ್ದಿ ತಂದರು: ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅತ್ತೆ ಅಳಲಿಲ್ಲ. ಮಗ್ಗದ ಅಡ್ಡಗೋಲಿನಲ್ಲಿ ಬಣ್ಣ ಮಾಸಿದ ಆ ಕೆಂಪು ಎಳೆ ಇನ್ನೂ ಇತ್ತು. ಅದರ ಮುಂದೆ ಕೂತು ಗಂಟು ಬಿಚ್ಚಿದರು. ಒಂದು ರೊಟ್ಟಿ ತೆಗೆದು ಮುರಿದರು, ಬಾಯಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಡಾಕ್ಟರು ಉಳಿಸಿಕೊಟ್ಟ ಹಲ್ಲುಗಳಿಂದ, ಎಡಕ್ಕೂ ಬಲಕ್ಕೂ ಹಾಕಿ, ಅತ್ತೆ ಆ ರೊಟ್ಟಿಯನ್ನು ಅಗಿಯುತ್ತ ಅದರ ಸಪ್ಪಳವನ್ನು ಕೇಳುತ್ತ ಕೂತರು.